ಲೋಥಾರನ ಇಂಗ್ಲಿಷು ಸರಿಹೋದದ್ದು ಹೇಗೆ

ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದವರಿಗೆ ಲೋಥಾರ್ ಯಾರೆಂದು ಹೇಳಬೇಕಿಲ್ಲ. ಉದ್ದ ಟೋಪಿ, ಗೆರೆ ಎಳೆದಂಥ ಮೀಸೆಯ ಮಾಂಡ್ರೇಕ್ ಕೈಬೀಸಿ ಮೋಡಿ ಮಾಡುವಾಗ ಪಕ್ಕದಲ್ಲಿ ಗುಡ್ಡದ ಹಾಗೆ ನಿಂತಿರುತ್ತಿದ್ದನಲ್ಲ, ಆ ಕಪ್ಪು ಮನುಷ್ಯ. ರಟ್ಟು ಕಿತ್ತುಹೋದ, ಮೊದಲ ಎರಡು ಪುಟವೇ ಇಲ್ಲದ ಪುಸ್ತಕಗಳಲ್ಲಿ ಅವನನ್ನು ನೋಡುತ್ತಿದ್ದ ನನಗೆ ಇದ್ದದ್ದು ಒಂದೇ ಪ್ರಶ್ನೆ: ಜಗತ್ತಿನಲ್ಲೇ ದೊಡ್ಡ ಬಲಶಾಲಿ ಅನ್ನಿಸಿಕೊಂಡವನು ಈ ಮಾಂತ್ರಿಕನ ಹಿಂದೆ ಯಾಕೆ ತಿರುಗುತ್ತಾನೆ?

1934ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಮೊದಲು ಕಾಣಿಸಿಕೊಂಡ ಲೋಥಾರನ ಪಾಡು ಇನ್ನೂ ಕಷ್ಟದ್ದು. ತಲೆಗೆ ತುರ್ಕಿ ಟೋಪಿ, ಮೈಗೆ ಚಿರತೆಯ ಚರ್ಮ, ಗಿಡ್ಡ ಚಡ್ಡಿ, ಬಾಯಲ್ಲಿ ಹರಕುಮುರುಕು ಇಂಗ್ಲಿಷು. ಕತೆಯ ಪ್ರಕಾರ ಅವನೊಬ್ಬ ಯುವರಾಜ, ಸಿಂಹಾಸನ ಬಿಟ್ಟು ಬಂದವನು. ಮೂವತ್ತು ವರ್ಷ ಅವನಿಗೆ ವ್ಯಾಕರಣ ಹತ್ತಲಿಲ್ಲ. 1964ರಲ್ಲಿ ಚಿತ್ರಕಾರ ಫಿಲ್ ಡೇವಿಸ್ ತೀರಿಕೊಂಡರು. 1965ರಲ್ಲಿ ಫ್ರೆಡ್ ಫ್ರೆಡ್ರಿಕ್ಸ್ ಅವರ ಜಾಗಕ್ಕೆ ಬಂದರು. ಬಂದದ್ದೇ ತಡ, ಲೋಥಾರ್ ಯಾವ ಶಾಲೆಗೂ ಹೋಗದೆ ನೆಟ್ಟಗೆ ಇಂಗ್ಲಿಷ್ ಮಾತಾಡತೊಡಗಿದ. ಉಡುಪೂ ಬದಲಾಯಿತು, ಅಂಗಿಯ ಮೇಲೆ ಚಿರತೆಯ ಚುಕ್ಕೆ ಮಾತ್ರ ಹಳೆಯ ನೆನಪಿನಂತೆ ಆಗಾಗ ಉಳಿಯಿತು. ಅದೇ ವರ್ಷ ಅಮೆರಿಕದಲ್ಲಿ ಕಪ್ಪು ಜನರ ಮತದಾನದ ಹಕ್ಕನ್ನು ಕಾಯುವ ಕಾಯಿದೆ ಬಂದಿತ್ತು. ಹೊರಗೆ ಗಾಳಿ ತಿರುಗಿತ್ತು, ಕಾಮಿಕ್ಸಿನ ಕಿಟಕಿಯೂ ಒಂಚೂರು ತೆರೆಯಿತು.

ಆದರೆ ಲೋಥಾರನ ಮಾತು ತಿದ್ದಿದ ಕತೆಗಾರ ಲೀ ಫಾಕ್ ಬಿಳಿಯರು, ಅಂಗಿ ತೊಡಿಸಿದ ಫ್ರೆಡ್ರಿಕ್ಸ್ ಕೂಡ ಬಿಳಿಯರೇ. ಪುಟದ ಮೇಲೆ ಬದಲಾಯಿತು, ಮೇಜಿನ ಹಿಂದೆ ಎಲ್ಲ ಹಾಗೇ ಇತ್ತು. ಅಮೆರಿಕದ ಕಾಮಿಕ್ಸ್ ಉದ್ಯಮದಲ್ಲಿ ಜನಾಂಗ, ಲಿಂಗದ ವೈವಿಧ್ಯ ಅಂದ ಕೂಡಲೇ ಜಗಳವೆಲ್ಲ ಹೀರೋ ಮೈಬಣ್ಣದ ಸುತ್ತ ನಡೆಯುತ್ತದೆ. ಅವನು ಕಪ್ಪಾದನಂತೆ, ಇವಳು ಹೆಣ್ಣಾದಳಂತೆ, ಹಳೆಯ ಅಭಿಮಾನಿಗಳಿಗೆ ಸಿಟ್ಟು ಬಂದಿದೆಯಂತೆ. ನನ್ನನ್ನು ಕೇಳಿದರೆ ಅದು ಮೇಲುನೋಟದ ಜಗಳ. ಕಾಗದ ಯಾರ ಕೈಲಿತ್ತು, ಠಸ್ಸೆ ಯಾರು ಒತ್ತುತ್ತಿದ್ದರು, ಅಂಗಡಿಯವನು ಯಾವುದನ್ನು ತರಿಸುತ್ತಿದ್ದ ಎಂದು ಕೇಳಿದರೆ ಕತೆ ಬೇರೆಯಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲು ಈ ಪುಸ್ತಕ ತಯಾರಾಗುವ ಬಗೆ ನೋಡೋಣ. ದೊಡ್ಡ ಕಂಪನಿಗಳಲ್ಲಿ ಅದು ಒಬ್ಬರ ಕೆಲಸವಲ್ಲ. ಕತೆ ಬರೆಯುವವರು ಒಬ್ಬರು, ಪೆನ್ಸಿಲಿನಲ್ಲಿ ಚಿತ್ರ ಬಿಡಿಸುವವರು ಇನ್ನೊಬ್ಬರು, ಅದರ ಮೇಲೆ ಇಂಕು ಹಾಕುವವರು ಮತ್ತೊಬ್ಬರು. ಮಾತಿನ ಗುಳ್ಳೆಯೊಳಗೆ ಅಕ್ಷರ ಕೂರಿಸುವವರು, ಬಣ್ಣ ಹಚ್ಚುವವರು ಬೇರೆ. ಎಲ್ಲರ ಮೇಲೆ ಸಂಪಾದಕ. ಬಹುಕಾಲ ಪುಟಕ್ಕಿಷ್ಟು ಎಂದು ಕೂಲಿ ಕೊಟ್ಟು, ಪಾತ್ರದ ಹಕ್ಕನ್ನು ಕಂಪನಿಯೇ ಇಟ್ಟುಕೊಳ್ಳುತ್ತಿತ್ತು. ಹಾಗಾಗಿ ‘ಈ ಉದ್ಯಮದಲ್ಲಿ ಹೆಂಗಸರು ಇದ್ದರೇ’ ಎಂದು ಕೇಳಿದರೆ ಉತ್ತರ ‘ಇದ್ದರು’ ಎಂದೇ. ಹೆಸರು ಎಲ್ಲಿತ್ತು ಅನ್ನುವುದು ಮುಂದಿನ ಪ್ರಶ್ನೆ.

1941ರಲ್ಲಿ ಬಂದ ವಂಡರ್ ವುಮನ್‌ ಪಾತ್ರದ ಜನಕ ಮನಶ್ಶಾಸ್ತ್ರಜ್ಞ ವಿಲಿಯಂ ಮೌಲ್ಟನ್ ಮಾರ್ಸ್ಟನ್. 1944ರಲ್ಲಿ ಅವರು ತಮ್ಮ ತರಗತಿಯಲ್ಲಿದ್ದ ಜಾಯ್ ಹಮೆಲ್ ಎಂಬ ಹುಡುಗಿಯನ್ನು ಸಹಾಯಕಿಯಾಗಿ ಸೇರಿಸಿಕೊಂಡರು. ಸ್ವಲ್ಪ ದಿನದಲ್ಲೇ ಮಾರ್ಸ್ಟನ್‌ಗೆ ಪೋಲಿಯೊ ತಗಲಿತು. ಮುಂದಿನ ಮೂರು ವರ್ಷ ಹಮೆಲ್ 70ಕ್ಕೂ ಹೆಚ್ಚು ಕತೆ ಬರೆದರು. ಅಚ್ಚಾದದ್ದೆಲ್ಲ ‘ಚಾರ್ಲ್ಸ್ ಮೌಲ್ಟನ್’ ಎಂಬ ಗಂಡು ಹೆಸರಿನಲ್ಲಿ. ಹೆಣ್ಣಿನ ಬಲವನ್ನು ಸಾರುವ ಪುಸ್ತಕವನ್ನು ಹೆಣ್ಣೊಬ್ಬಳು ಬರೆದಳು ಅನ್ನುವುದು ಓದುಗರಿಗೆ ಗೊತ್ತೇ ಆಗಲಿಲ್ಲ. 2018ರಲ್ಲಿ, ತಮ್ಮ 94ನೇ ವಯಸ್ಸಿನಲ್ಲಿ, ಹಮೆಲ್‌ಗೆ ಬಿಲ್ ಫಿಂಗರ್ ಪ್ರಶಸ್ತಿ ಬಂತು. ಹೆಸರೂ ಮನ್ನಣೆಯೂ ಸಿಗದೆ ಹೋದ ಬರಹಗಾರರಿಗೆಂದೇ ಇರುವ ಪ್ರಶಸ್ತಿ ಅದು. ಇಂಥದ್ದೊಂದು ಪ್ರಶಸ್ತಿಯನ್ನೇ ಸ್ಥಾಪಿಸಬೇಕಾಯಿತು ಅಂದರೆ ಆ ಉದ್ಯಮದ ರೀತಿ ಎಂಥದ್ದಿರಬೇಕು ನೋಡಿ.

ಎರಡನೇ ಮಹಾಯುದ್ಧಕ್ಕೆ ಗಂಡಸರು ಹೋದಾಗ ಖಾಲಿಯಾದ ಕುರ್ಚಿಗಳಿಗೆ ಹೆಂಗಸರು ಬಂದರು. ವಿಯೆನ್ನಾದಿಂದ ನಾತ್ಸಿಗಳ ಕೈಯಿಂದ ತಪ್ಪಿಸಿಕೊಂಡು ಬಂದ ಯಹೂದಿ ಹುಡುಗಿ ಲಿಲಿ ರೆನೆ ನ್ಯೂಯಾರ್ಕಿನ ಫಿಕ್ಷನ್ ಹೌಸ್‌ನಲ್ಲಿ ಕೂತು ನಾತ್ಸಿಗಳ ವಿರುದ್ಧ ಬೇಹುಗಾರಿಕೆ ಮಾಡುವ ನಾಯಕಿಯನ್ನು ಚಿತ್ರಿಸಿದರು. ಸಹಿ ‘ಎಲ್. ರೆನೆ’ ಅಂತ ಇದ್ದದ್ದಕ್ಕೆ ಅಭಿಮಾನಿಗಳ ಪತ್ರಗಳು ‘ಮಿಸ್ಟರ್ ರೆನೆ’ ವಿಳಾಸಕ್ಕೆ ಬರುತ್ತಿದ್ದವು. ಯುದ್ಧ ಮುಗಿದು ಗಂಡಸರು ವಾಪಸಾದ ಮೇಲೆ ಕುರ್ಚಿಗಳೂ ಬಹುಪಾಲು ವಾಪಸಾದವು. ವಂಡರ್ ವುಮನ್‌ ಕಾಮಿಕ್ ಪುಸ್ತಕವನ್ನು ಒಬ್ಬ ಹೆಂಗಸು, ಟ್ರೀನಾ ರಾಬಿನ್ಸ್, ಮೊದಲ ಬಾರಿಗೆ ಚಿತ್ರಿಸಿದ್ದು 1986ರಲ್ಲಿ. ಪಾತ್ರ ಹುಟ್ಟಿ ಆಗಲೇ 45 ವರ್ಷ ಕಳೆದಿತ್ತು.

ಇನ್ನು ಕಾಗದದ ವಿಷಯ.

ಓರಿನ್ ಎವನ್ಸ್ ಫಿಲಡೆಲ್ಫಿಯಾದ ಕಪ್ಪು ಪತ್ರಕರ್ತ. ಅವರು ಕೆಲಸ ಮಾಡುತ್ತಿದ್ದ ದಿನಪತ್ರಿಕೆ 1947ರಲ್ಲಿ ಮುಚ್ಚಿಹೋಯಿತು. ಕೆಲಸ ಕಳೆದುಕೊಂಡ ಎವನ್ಸ್ ಕೆಲವು ಸಹೋದ್ಯೋಗಿಗಳನ್ನು ಸೇರಿಸಿಕೊಂಡು ಅದೇ ವರ್ಷ ‘ಆಲ್-ನೀಗ್ರೋ ಕಾಮಿಕ್ಸ್’ ತಂದರು. ಆ ಶಬ್ದ ಆಗ ಕಪ್ಪು ಜನ ತಾವೇ ಮರ್ಯಾದೆಯಿಂದ ಬಳಸುತ್ತಿದ್ದದ್ದು. ಬರೆದವರು, ಬಿಡಿಸಿದವರು, ಪ್ರಕಟಿಸಿದವರು ಎಲ್ಲರೂ ಕಪ್ಪು ಅಮೆರಿಕನ್ನರೇ. ಮಿಕ್ಕ ಕಾಮಿಕ್ಸಿಗೆ 10 ಸೆಂಟ್ ಇದ್ದರೆ ಇದಕ್ಕೆ 15. ಒಳಗೆ ಏಸ್ ಹಾರ್ಲೆಮ್ ಎಂಬ ಪತ್ತೇದಾರನಿದ್ದ. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಮಾತ್ರ ಇನ್ನೊಂದು ಪಾತ್ರ, ‘ಲಯನ್ ಮ್ಯಾನ್’. ಅಮೆರಿಕದಲ್ಲಿ ಹುಟ್ಟಿದ ಈ ಕಪ್ಪು ಯುವ ವಿಜ್ಞಾನಿಯನ್ನು ವಿಶ್ವಸಂಸ್ಥೆ ಆಫ್ರಿಕಾದ ಗೋಲ್ಡ್ ಕೋಸ್ಟಿಗೆ ಕಳಿಸುತ್ತದೆ, ಅಲ್ಲಿನ ಬೆಟ್ಟವೊಂದರಲ್ಲಿರುವ ಯುರೇನಿಯಂ ದುಷ್ಟರ ಪಾಲಾಗದಂತೆ ಕಾಯಲು. ನಾವು ಓದಿ ಬೆಳೆದ ಫ್ಯಾಂಟಮ್‌ನಲ್ಲಿ ಕಾಡಿನ ಕಪ್ಪು ಜನರನ್ನು ಕಾಯುವವನು ತಲೆತಲಾಂತರದಿಂದ ಬಂದ ಒಬ್ಬ ಬಿಳಿಯ. ಎವನ್ಸ್ ಬಳಗ ಆ ಏರ್ಪಾಡನ್ನೇ ತಿರುವಿಹಾಕಿತ್ತು. ಮಾರ್ವೆಲ್ ಕಂಪನಿಯ ಬ್ಲ್ಯಾಕ್ ಪ್ಯಾಂಥರ್ ಕತೆಯಲ್ಲಿ ವಕಾಂಡಾ ಎಂಬ ಆಫ್ರಿಕನ್ ದೇಶದ ಬೆಟ್ಟ, ಅದರ ಅಪರೂಪದ ಲೋಹ, ಅದನ್ನು ಕಾಯುವ ಕಪ್ಪು ವೀರ ಬರಲು ಇನ್ನೂ 19 ವರ್ಷ ಇತ್ತು.

ಎರಡನೇ ಸಂಚಿಕೆಯ ಚಿತ್ರಗಳೂ ಸಿದ್ಧವಾಗುತ್ತಿದ್ದವು. ಕಾಗದ ಸಿಗಲಿಲ್ಲ. ಮೊದಲ ಸಂಚಿಕೆಗೆ ನ್ಯೂಸ್‌ಪ್ರಿಂಟ್ ಕೊಟ್ಟವರು ಕೊಡಲಿಲ್ಲ, ಬೇರೆಯವರನ್ನು ಕೇಳಿದರೆ ಅವರೂ ಇಲ್ಲವೆಂದರು. ಯಾರೂ ಪುಸ್ತಕವನ್ನು ನಿಷೇಧಿಸಲಿಲ್ಲ, ಸುಡಲಿಲ್ಲ. ಅದು ಒಂದೇ ಸಂಚಿಕೆಗೆ ನಿಂತಿತು.

ಅದೇ ಕಾಲದಲ್ಲಿ ಜ್ಯಾಕಿ ಓರ್ಮ್ಸ್ ಎಂಬ ಕಪ್ಪು ಮಹಿಳೆ ನಿರಾತಂಕವಾಗಿ ಚಿತ್ರ ಬಿಡಿಸುತ್ತಿದ್ದರು. 1937ರಲ್ಲಿ ಮಿಸಿಸಿಪ್ಪಿಯ ಹಳ್ಳಿ ಬಿಟ್ಟು ನ್ಯೂಯಾರ್ಕಿಗೆ ಹಾಡಿ ಕುಣಿಯಲು ಹೋಗುವ ಟಾರ್ಚಿ ಬ್ರೌನಳ ಕತೆ ಶುರುಮಾಡಿದರು. 1945ರಿಂದ 1956ರವರೆಗೆ ದೊಡ್ಡ ದೊಡ್ಡ ಮಾತಾಡುವ ಪುಟ್ಟ ಹುಡುಗಿ ಪ್ಯಾಟಿ-ಜೋಳನ್ನು ಬಿಡಿಸಿದರು. ಪ್ಯಾಟಿ-ಜೋ ಹೆಸರಿನಲ್ಲಿ ಗೊಂಬೆಯೂ ಮಾರಾಟವಾಯಿತು. ಇವರಿಗೆ ಸಿಕ್ಕಿದ್ದು ಎವನ್ಸ್‌ಗೆ ಯಾಕೆ ಸಿಗಲಿಲ್ಲ? ಓರ್ಮ್ಸ್ ಚಿತ್ರಗಳು ಬರುತ್ತಿದ್ದುದು ‘ಪಿಟ್ಸ್‌ಬರ್ಗ್ ಕುರಿಯರ್’ನಲ್ಲಿ. ಅದು ಕಪ್ಪು ಜನರದೇ ಪತ್ರಿಕೆ. ಓದುಗರು, ಕಾಗದದ ಸರಬರಾಜು, ಹಂಚುವ ದಾರಿ ಎಲ್ಲ ಮೊದಲೇ ಕೈಯಲ್ಲಿತ್ತು. ಹಾಗಿದ್ದೂ ಬಿಳಿಯರ ದೊಡ್ಡ ಪತ್ರಿಕೆಗಳು ಓರ್ಮ್ಸ್‌ಗೆ ಬಾಗಿಲು ತೆರೆಯಲಿಲ್ಲ.

ಕಾಗದ ಸಿಕ್ಕವರಿಗೆ 1954ರಿಂದ ಇನ್ನೊಂದು ಗೇಟು ಬಂತು. ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಿದ್ದಾರೆ ಎಂಬ ಗುಲ್ಲು ಎದ್ದು ಅಮೆರಿಕದ ಸೆನೆಟ್ ವಿಚಾರಣೆ ನಡೆಸಿತು. ಸರ್ಕಾರ ಕೈಹಾಕುವ ಮೊದಲೇ ಪ್ರಕಾಶಕರು ಸೇರಿ ‘ಕಾಮಿಕ್ಸ್ ಕೋಡ್’ ಎಂಬ ನಿಯಮಾವಳಿ ಮಾಡಿಕೊಂಡರು. ಪ್ರತಿ ಪುಟವನ್ನೂ ಮೊದಲೇ ತೋರಿಸಿ ಒಪ್ಪಿಗೆ ಪಡೆಯಬೇಕು, ಒಪ್ಪಿದರೆ ಮುಖಪುಟದ ಮೂಲೆಯಲ್ಲಿ ಅಂಚೆಚೀಟಿಯಂಥ ಮುದ್ರೆ. ಇದು ಕಾನೂನಲ್ಲ. ಆದರೆ ಮುದ್ರೆಯಿಲ್ಲದ ಪುಸ್ತಕವನ್ನು ಸಗಟು ವ್ಯಾಪಾರಿಗಳು ಸಾಮಾನ್ಯವಾಗಿ ಮುಟ್ಟುತ್ತಿರಲಿಲ್ಲ. ಮುಟ್ಟದಿದ್ದರೆ ಅಂಗಡಿಗೆ ಬರುವುದಾದರೂ ಹೇಗೆ?

ಆ ನಿಯಮಾವಳಿಯಲ್ಲಿ, ಯಾವ ಧರ್ಮವನ್ನೂ ಜನಾಂಗವನ್ನೂ ಗೇಲಿ ಮಾಡಕೂಡದು ಎಂಬ ಕಲಮೂ ಇತ್ತು. ಓದಲು ಎಷ್ಟು ಚೆಂದ! ಅದು ಜಾರಿಯಾದ ಬಗೆ ನೋಡಲು ಇಸಿ ಎಂಬ ಕಂಪನಿಯ ‘ಜಡ್ಜ್‌ಮೆಂಟ್ ಡೇ’ ಕತೆಗೆ ಬರಬೇಕು. ಬರೆದವರು ಆಲ್ ಫೆಲ್ಡ್‌ಸ್ಟೈನ್, ಬಿಡಿಸಿದವರು ಜೋ ಓರ್ಲಾಂಡೊ, ಮೊದಲು ಬಂದದ್ದು 1953ರಲ್ಲಿ. ರೋಬಾಟುಗಳೇ ವಾಸಿಸುವ ಒಂದು ಗ್ರಹ. ಭೂಮಿಯಿಂದ ಟಾರ್ಲ್ಟನ್ ಎಂಬ ಅಧಿಕಾರಿ ತಪಾಸಣೆಗೆ ಬಂದಿದ್ದಾನೆ, ಈ ಗ್ರಹವನ್ನು ನಕ್ಷತ್ರಗಳ ಒಕ್ಕೂಟಕ್ಕೆ ಸೇರಿಸಿಕೊಳ್ಳಬಹುದೇ ಎಂದು ನೋಡಲು. ಆ ಗ್ರಹದಲ್ಲಿ ಇರುವಷ್ಟು ಹೊತ್ತೂ ಅವನು ಹೆಲ್ಮೆಟ್ ತೆಗೆಯುವುದಿಲ್ಲ. ಕಿತ್ತಳೆ ಬಣ್ಣದ ರೋಬಾಟು ಹೆಮ್ಮೆಯಿಂದ ಕಾರ್ಖಾನೆ ತೋರಿಸುತ್ತದೆ. ಆಮೇಲೆ ತಿಳಿಯುತ್ತದೆ, ನೀಲಿ ಬಣ್ಣದ ರೋಬಾಟುಗಳಿಗೆ ಬೇರೆ ಕೇರಿ, ಬಸ್ಸಿನಲ್ಲಿ ಹಿಂದಿನ ಜಾಗ, ಕೀಳು ಕೆಲಸ. ಒಳಗಿನ ತಂತಿ, ತಿರುಪು ಎಲ್ಲ ಎರಡರಲ್ಲೂ ಒಂದೇ, ಬೇರೆಯಾದದ್ದು ಮೇಲಿನ ತಗಡು. ನೀವಿನ್ನೂ ಸಿದ್ಧರಾಗಿಲ್ಲ ಎಂದು ಹೇಳಿ ಟಾರ್ಲ್ಟನ್ ನೌಕೆ ಹತ್ತುತ್ತಾನೆ, ಹೆಲ್ಮೆಟ್ ತೆಗೆಯುತ್ತಾನೆ. ಕೊನೆಯ ಚೌಕದಲ್ಲಿ ಕಪ್ಪು ಮನುಷ್ಯನ ಮುಖ. ಹಣೆಯ ಮೇಲಿನ ಬೆವರ ಹನಿಗಳು ನಕ್ಷತ್ರಗಳ ಹಾಗೆ ಮಿನುಗುತ್ತಿವೆ.

1956ರಲ್ಲಿ ಈ ಕತೆಯನ್ನು ಮರುಮುದ್ರಿಸಲು ಇಸಿ ಮುಂದಾದಾಗ ಕೋಡ್‌ನ ಮುಖ್ಯಸ್ಥ, ನ್ಯಾಯಾಧೀಶರಾಗಿದ್ದ ಚಾರ್ಲ್ಸ್ ಮರ್ಫಿ ತಡೆದರು. ಗಗನಯಾತ್ರಿ ಕಪ್ಪಗಿರಬಾರದು ಎಂದರು. ಕತೆಯ ಅರ್ಥವೇ ಅದಲ್ಲವೇ ಎಂದು ಫೆಲ್ಡ್‌ಸ್ಟೈನ್ ವಾದಿಸಿದರು. ಮಾಲೀಕ ಬಿಲ್ ಗೇನ್ಸ್ ಸುದ್ದಿಗೋಷ್ಠಿ ಕರೆದು ಎಲ್ಲ ಹೇಳಿಬಿಡುತ್ತೇನೆ ಎಂದು ಹೆದರಿಸಿದರು. ಕೊನೆಗೆ ಬೆವರ ಹನಿಯನ್ನಾದರೂ ಅಳಿಸಿ ಎಂಬಲ್ಲಿಗೆ ಚೌಕಾಸಿ ಬಂತು. ಗೇನ್ಸ್ ಅದನ್ನೂ ಅಳಿಸಲಿಲ್ಲ, ಹಾಗೆಯೇ ಅಚ್ಚು ಹಾಕಿದರು. ಇಸಿಯ ಕೊನೆಯ ಕಾಮಿಕ್ ಪುಸ್ತಕ ಅದೇ. ಆಮೇಲೆ ಅವರು ಕೋಡ್‌ನ ವ್ಯಾಪ್ತಿಗೆ ಬರದ ‘ಮ್ಯಾಡ್’ ಪತ್ರಿಕೆಯನ್ನು ನೆಚ್ಚಿಕೊಂಡರು. ಮುದ್ರೆಯ ಆಳ್ವಿಕೆ ದಶಕಗಟ್ಟಲೆ ನಡೆಯಿತು. ದೊಡ್ಡ ಕಂಪನಿಗಳಲ್ಲಿ ಮಾರ್ವೆಲ್ ಅದನ್ನು ಬಿಟ್ಟದ್ದು 2001ರಲ್ಲಿ, ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಪ್ರಕಟಿಸುವ ಡಿಸಿ 2011ರಲ್ಲಿ.

ಮುದ್ರಣಾಲಯದಲ್ಲೂ ಒಂದು ಕತೆಯಿದೆ. ಆಗಿನ ಬಣ್ಣವೆಲ್ಲ ನಾಲ್ಕು ಇಂಕುಗಳ ಚುಕ್ಕೆಗಳಿಂದ ಹುಟ್ಟುತ್ತಿತ್ತು. ಒರಟು ಕಾಗದದ ಮೇಲೆ ಬೂದು, ಕಂದು ಬಣ್ಣಗಳು ಒಂದೊಂದು ಪುಟದಲ್ಲಿ ಒಂದೊಂದು ಥರ ಬೀಳುತ್ತಿದ್ದವು. 1962ರಲ್ಲಿ ಬೂದು ಬಣ್ಣದಲ್ಲಿ ಹುಟ್ಟಿದ ಹಲ್ಕ್ ಎರಡನೇ ಸಂಚಿಕೆಗೆ ಹಸಿರಾದದ್ದು ಇದೇ ಕಾರಣಕ್ಕೆ. ಆದರೆ ಎಲ್ಲವನ್ನೂ ಇಂಕಿನ ಮೇಲೆ ಹೊರಿಸಲಾಗದು. 1963ರಲ್ಲಿ ಮಾರ್ವೆಲ್‌ನ ಯುದ್ಧದ ಕಾಮಿಕ್ಸ್ ‘ಸಾರ್ಜೆಂಟ್ ಫ್ಯೂರಿ’ ಶುರುವಾದಾಗ ತುಕಡಿಯಲ್ಲಿ ಗೇಬ್ ಜೋನ್ಸ್ ಎಂಬ ಕಪ್ಪು ಸೈನಿಕನಿದ್ದ. ಅಚ್ಚಾಗಿ ಬಂದ ಮೊದಲ ಸಂಚಿಕೆಯಲ್ಲಿ ನೋಡಿದರೆ ಅವನ ಮೈ ಬಿಳಿಯರ ಗುಲಾಬಿ ಬಣ್ಣ! ಬಣ್ಣದ ಪ್ಲೇಟು ತಯಾರಿಸುವಲ್ಲಿ ಯಾರೋ ಇದು ತಪ್ಪಿರಬೇಕು ಎಂದುಕೊಂಡು ‘ಸರಿ’ ಮಾಡಿದ್ದರು.

ಇದಕ್ಕೂ ಹಿಂದೆ, 1944ರಲ್ಲಿ, ಚೀನೀ ಮೂಲದ ಚಿತ್ರಕಾರ ಚು ಹಿಂಗ್ ‘ಗ್ರೀನ್ ಟರ್ಟಲ್’ ಎಂಬ ಮುಸುಕುಧಾರಿಯನ್ನು ಸೃಷ್ಟಿಸಿದರು. ಚೀನಾದ ಪರವಾಗಿ ಜಪಾನಿ ಸೇನೆಯ ವಿರುದ್ಧ ಹೋರಾಡುವವನು. ಆ ಸಂಚಿಕೆಗಳನ್ನು ತಿರುವಿಹಾಕಿದರೆ ವಿಚಿತ್ರವೊಂದು ಕಾಣುತ್ತದೆ. ನಾಯಕ ಸದಾ ನಮಗೆ ಬೆನ್ನು ತೋರಿಸುತ್ತಾನೆ. ಮುಖ ಕಾಣುವ ಹೊತ್ತಿಗೆ ಯಾರದೋ ತೋಳೋ, ನೆರಳೋ, ಅವನದೇ ಮೇಲುಹೊದಿಕೆಯೋ ಅಡ್ಡ ಬರುತ್ತದೆ. ಪ್ರಕಾಶಕರು ಚೀನೀ ನಾಯಕ ಬೇಡವೆಂದದ್ದಕ್ಕೆ ಹಿಂಗ್ ಹೀಗೆ ಸೇಡು ತೀರಿಸಿಕೊಂಡರು ಎಂಬ ಮಾತು ಬಾಯಿಂದ ಬಾಯಿಗೆ ಬಂದಿದೆ. ದಂತಕತೆಯೇ ಇರಲಿ, ಮುಖವಿಲ್ಲದ ನಾಯಕನಂತೂ ಪುಟದ ಮೇಲಿದ್ದಾನೆ. (ನಗುವ ಮೊದಲು ನಮ್ಮ ಅಮರ ಚಿತ್ರ ಕಥೆಗಳನ್ನೂ ಒಮ್ಮೆ ತೆಗೆದು ನೋಡಿ, ರಾಕ್ಷಸರಿಗೆ ಯಾವ ಬಣ್ಣ, ರಾಜಕುಮಾರಿಯರಿಗೆ ಯಾವ ಬಣ್ಣ ಅಂತ.)

1966ರ ಬ್ಲ್ಯಾಕ್ ಪ್ಯಾಂಥರ್‌ನಿಂದ ಮುಂದೆ ಪುಟದ ಮೇಲೆ ಬದಲಾವಣೆ ಚುರುಕಾಯಿತು. 1969ರಲ್ಲಿ ಫಾಲ್ಕನ್, 1972ರಲ್ಲಿ ಲ್ಯೂಕ್ ಕೇಜ್, 1975ರಲ್ಲಿ ಸ್ಟಾರ್ಮ್, 1977ರಲ್ಲಿ ಬ್ಲ್ಯಾಕ್ ಲೈಟ್ನಿಂಗ್. 1970ರ ಗ್ರೀನ್ ಲ್ಯಾಂಟರ್ನ್ ಸಂಚಿಕೆಯೊಂದರಲ್ಲಿ ಬಡ ಕಪ್ಪು ಮುದುಕನೊಬ್ಬ ಹೀರೋವನ್ನು ತಡೆದು, ಯಾವುದೋ ಗ್ರಹದ ನೀಲಿ ಚರ್ಮದವರಿಗೆ, ಕಿತ್ತಳೆ ಚರ್ಮದವರಿಗೆ, ನೇರಳೆ ಚರ್ಮದವರಿಗೆಲ್ಲ ಏನೇನೋ ಮಾಡಿದೆಯಂತೆ, ಕಪ್ಪು ಚರ್ಮದವರಿಗೆ ಏನು ಮಾಡಿದೆ ಎಂದು ಕೇಳುತ್ತಾನೆ. ಹೀರೋ ತಲೆ ತಗ್ಗಿಸುತ್ತಾನೆ. ಈ ಪಾತ್ರಗಳನ್ನೆಲ್ಲ ಹುಟ್ಟಿಸಿದವರು ಬಹುಪಾಲು ಬಿಳಿಯ ಗಂಡಸರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದರು, ಅನುಮಾನವಿಲ್ಲ. ಆದರೆ ಹೊರಗಿನಿಂದ ನೋಡಿ ಬರೆದಾಗ ಒಂದೇ ಅಚ್ಚು ಮತ್ತೆ ಮತ್ತೆ ಬೀಳುತ್ತದೆ. ಹೆಸರಿನ ಮುಂದೆ ‘ಬ್ಲ್ಯಾಕ್’ ಇರಬೇಕು, ಜೈಲಿಗೆ ಹೋಗಿ ಬಂದಿರಬೇಕು, ಕೊಳೆಗೇರಿಯಲ್ಲಿರಬೇಕು.

ಈ ಅಚ್ಚಿಗೆ ಒಳ್ಳೆಯ ಪೆಟ್ಟು ಕೊಟ್ಟವರು ಡ್ವೇನ್ ಮೆಕ್‌ಡಫಿ. ಭೌತಶಾಸ್ತ್ರ ಓದಿಕೊಂಡು ಮಾರ್ವೆಲ್‌ಗೆ ಸಂಪಾದಕೀಯ ಕೆಲಸಕ್ಕೆ ಬಂದ ಕಪ್ಪು ಬರಹಗಾರ. 1989ರ ಹೊತ್ತಿಗೆ ಕಂಪನಿಯ ಕಪ್ಪು ಹೀರೋಗಳಲ್ಲಿ ಕೆಲವರು ಸ್ಕೇಟ್‌ಬೋರ್ಡ್ ಹತ್ತಿ ಬರುತ್ತಿದ್ದರು. ಮೆಕ್‌ಡಫಿ ಕಚೇರಿಯೊಳಗೆ ಒಂದು ಅಣಕು ಪ್ರಸ್ತಾವ ಹರಿಯಬಿಟ್ಟರು. ನಮ್ಮ ಕಪ್ಪು ಹೀರೋಗಳಲ್ಲಿ ಕಾಲು ಭಾಗ ಸ್ಕೇಟ್‌ಬೋರ್ಡಿನವರೇ, ಹಾಗಾಗಿ ಎಲ್ಲರನ್ನೂ ಸೇರಿಸಿ ಒಂದು ತಂಡವನ್ನೇ ಮಾಡಿಬಿಡೋಣ ಅನ್ನುವ ಧಾಟಿಯದ್ದು. ಓದಿದರೆ ನಗು ಬರುತ್ತದೆ, ಜೊತೆಗೆ ಅವರು ಎಷ್ಟು ಬೇಸತ್ತಿದ್ದರು ಅನ್ನುವುದೂ ಗೊತ್ತಾಗುತ್ತದೆ.

1993ರಲ್ಲಿ ಮೆಕ್‌ಡಫಿ, ಡೆನಿಸ್ ಕೋವನ್, ಮೈಕಲ್ ಡೇವಿಸ್, ಡೆರೆಕ್ ಡಿಂಗಲ್ ಸೇರಿ ‘ಮೈಲ್‌ಸ್ಟೋನ್’ ಕಂಪನಿ ತೆರೆದರು. ಒಪ್ಪಂದ ಚಾಣಾಕ್ಷತನದ್ದು. ಅಚ್ಚು ಹಾಕುವುದು, ಹಂಚುವುದು ಡಿಸಿ. ಪಾತ್ರಗಳ ಒಡೆತನ, ಕತೆಯ ಕೊನೆಯ ಮಾತು ಮೈಲ್‌ಸ್ಟೋನ್‌ನದ್ದು. ಒಬ್ಬನೇ ಕಪ್ಪು ಹೀರೋ ಇದ್ದರೆ ಅವನು ಇಡೀ ಜನಾಂಗದ ಪ್ರತಿನಿಧಿಯಾಗಿ ಒದ್ದಾಡಬೇಕಾಗುತ್ತದೆ ಎನ್ನುವುದು ಅವರ ವಾದ. ಹತ್ತಾರು ಜನರಿದ್ದರೆ ಒಬ್ಬ ಸಂಪ್ರದಾಯವಾದಿಯಾಗಬಹುದು, ಇನ್ನೊಬ್ಬ ಪೋಲಿಯಾಗಬಹುದು, ಮತ್ತೊಬ್ಬ ಸ್ಟ್ಯಾಟಿಕ್‌ನ ಹಾಗೆ ಬಾಯಿಬಡುಕ ಹೈಸ್ಕೂಲ್ ಹುಡುಗನಾಗಬಹುದು. ಮೇಜಿನ ಹಿಂದೆ ಜನ ಬದಲಾದಾಗ ಪುಟ ಹೇಗಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆದರೂ 1997ಕ್ಕೆ ಪುಸ್ತಕಗಳು ನಿಂತವು. ಯಾಕೆ ಎಂದು ತಿಳಿಯಲು ಅಂಗಡಿಗೆ ಹೋಗಬೇಕು.

ಮೊದಲು ಕಾಮಿಕ್ಸ್ ಮಾರಾಟವಾಗುತ್ತಿದ್ದುದು ಪತ್ರಿಕೆಗಳ ಹಾಗೆ, ಬೀದಿಬದಿಯ ಅಂಗಡಿಯಲ್ಲಿ. ಮಾರಾಟವಾಗದ್ದು ವಾಪಸ್. 1970ರ ದಶಕದಿಂದ ಕಾಮಿಕ್ಸಿಗೆಂದೇ ಮೀಸಲಾದ ಅಂಗಡಿಗಳು ಬಂದವು. ಇಲ್ಲಿ ಕಮಿಷನ್ ಹೆಚ್ಚು, ಆದರೆ ಉಳಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಪುಸ್ತಕ ಬರುವ ಎರಡು ಮೂರು ತಿಂಗಳ ಮೊದಲೇ ಕ್ಯಾಟಲಾಗು ನೋಡಿ ಎಷ್ಟು ಪ್ರತಿ ಬೇಕೆಂದು ಬರೆದು ಕಳಿಸಬೇಕು. 1990ರ ದಶಕದ ಕೊನೆಗೆ ಹಂಚುವವರೂ ಹೆಚ್ಚುಕಡಿಮೆ ಒಬ್ಬರೇ ಉಳಿದರು, ಡೈಮಂಡ್ ಎಂಬ ಕಂಪನಿ.

ಆ ಅಂಗಡಿಯವನ ಜಾಗದಲ್ಲಿ ಕೂತು ನೋಡಿ. ಬ್ಯಾಟ್‌ಮ್ಯಾನ್ ಆದರೆ ವಾರಕ್ಕೆ ಐವತ್ತು ಹೋಗುತ್ತದೆ, ಕಣ್ಣು ಮುಚ್ಚಿ ಬರೆಯಬಹುದು. ಹೊಸ ಹೀರೋ, ಹೊಸ ಕಂಪನಿ, ಎಲ್ಲ ಕಪ್ಪು ಜನರೇ. ಮನಸ್ಸಿನಲ್ಲಿ ದ್ವೇಷ ಇಲ್ಲದವನೂ ‘ನಮ್ಮ ಗಿರಾಕಿಗಳು ಇದನ್ನು ಕೊಳ್ಳುತ್ತಾರಾ’ ಎಂದುಕೊಂಡು ಮೂರು ಪ್ರತಿ ಬರೆಯುತ್ತಾನೆ. ಉಳಿದರೆ ನಷ್ಟ ಅವನದೇ ತಾನೆ? ಮೂರೂ ಮೊದಲ ದಿನವೇ ಹೋಗುತ್ತವೆ. ನಾಲ್ಕನೆಯವನು ಬಂದು ಕೇಳಿ ಬರಿಗೈಲಿ ಹೋಗುತ್ತಾನೆ. ಕಂಪನಿಯ ಲೆಕ್ಕದಲ್ಲಿ ‘ಬೇಡಿಕೆ ಮೂರು’ ಅಂತ ದಾಖಲಾಗುತ್ತದೆ. ಆ ನಾಲ್ಕನೆಯವನು ಯಾವ ಪುಸ್ತಕದಲ್ಲೂ ಇಲ್ಲ. ಗ್ರಂಥಾಲಯದ ಸಗಟು ಖರೀದಿ ಪಟ್ಟಿಯನ್ನು ನೆಚ್ಚಿಕೊಂಡ ನಮ್ಮ ಕನ್ನಡ ಪ್ರಕಾಶಕರಿಗೆ ಈ ಲೆಕ್ಕಾಚಾರ ಬಿಡಿಸಿ ಹೇಳಬೇಕಾಗಿಲ್ಲ.

ಮೈಲ್‌ಸ್ಟೋನ್‌ನ ಸ್ಟ್ಯಾಟಿಕ್ 2000ದಲ್ಲಿ ಟೀವಿ ಕಾರ್ಟೂನಾಗಿ ಬಂತು, 2004ರವರೆಗೆ ನಡೆಯಿತು. ಕಾಮಿಕ್ಸ್ ಅಂಗಡಿಯ ಮೆಟ್ಟಿಲು ಹತ್ತದ ಮಕ್ಕಳೆಲ್ಲ ಅದನ್ನು ನೋಡಿದರು. ಅಂಗಡಿಯವನು ತಡೆಯದ ಕಡೆ ಅದೇ ಹುಡುಗ ಗೆದ್ದ.

ಹೆಂಗಸರ ವಿಷಯದಲ್ಲೂ ಅಂಗಡಿಯೇ ಗೋಡೆ. ಯುದ್ಧದ ನಂತರದ ವರ್ಷಗಳಲ್ಲಿ ಪ್ರೇಮಕತೆಗಳ ಕಾಮಿಕ್ಸನ್ನು ಹುಡುಗಿಯರು ಮುಗಿಬಿದ್ದು ಓದುತ್ತಿದ್ದರು. ಅವು ಸತ್ತು ಸೂಪರ್‌ಹೀರೋಗಳೇ ಉಳಿದಾಗ ಅಂಗಡಿಯೂ ಗಂಡುಹುಡುಗರ ಅಡ್ಡೆಯಾಯಿತು. 1994ರ ಗ್ರೀನ್ ಲ್ಯಾಂಟರ್ನ್ ಕತೆಯೊಂದರಲ್ಲಿ ಹೀರೋ ಮನೆಗೆ ಬಂದು ನೋಡಿದರೆ ಪ್ರೇಯಸಿಯ ಶವ ಫ್ರಿಜ್ಜಿನೊಳಗಿದೆ. ಅವಳು ಸತ್ತದ್ದು ಅವನಿಗೆ ರೋಷ ಬರಿಸಲು, ಅಷ್ಟೆ. 1999ರಲ್ಲಿ ಗೇಲ್ ಸಿಮೋನ್ ಎಂಬ ಓದುಗಿ ಹೀಗೆ ಕೊಲೆಯಾದ, ಅಂಗವಿಕಲರಾದ, ಶಕ್ತಿ ಕಳೆದುಕೊಂಡ ಹೆಣ್ಣು ಪಾತ್ರಗಳ ಪಟ್ಟಿ ಮಾಡಿ ಇಂಟರ್ನೆಟ್ಟಿನಲ್ಲಿ ಹಾಕಿದರು. ಆಗ ಅವರು ಕೂದಲು ಕತ್ತರಿಸುವ ಕೆಲಸದಲ್ಲಿದ್ದರು. ಪಟ್ಟಿ ಉದ್ದವಾಗುತ್ತ ಹೋಯಿತು. ಮುಂದೆ ಅವರೇ ವಂಡರ್ ವುಮನ್‌ ಬರೆಯುವ ಕುರ್ಚಿಗೆ ಬಂದು ಕೂತರು. ಯುರೋಪಿನವರು ಇಂಥದ್ದರಲ್ಲಿ ಮುಂದಿದ್ದಾರೆ ಎಂದು ಅಂದುಕೊಳ್ಳುವುದೂ ಬೇಡ. 2016ರಲ್ಲಿ ಫ್ರಾನ್ಸಿನ ಅಂಗುಲೇಮ್ ಕಾಮಿಕ್ಸ್ ಉತ್ಸವ ತನ್ನ ದೊಡ್ಡ ಪ್ರಶಸ್ತಿಗೆ 30 ಹೆಸರು ಪ್ರಕಟಿಸಿತು. ಮೂವತ್ತೂ ಗಂಡಸರು. ರಿಯಾದ್ ಸತ್ತೂಫ್ ಮೊದಲಾದವರು ನಮ್ಮ ಹೆಸರು ತೆಗೆಯಿರಿ ಎಂದು ಹೊರಬಂದ ಮೇಲೆ ಗದ್ದಲವಾಯಿತು.

ಅಮೆರಿಕದ ಹುಡುಗಿಯರು ಗೋಡೆ ಹತ್ತಲು ಹೋಗಲಿಲ್ಲ, ಸುತ್ತಿ ಬಂದರು. ಜಪಾನಿನ ಕಾಮಿಕ್ಸ್ ಆದ ಮಾಂಗಾ ಸಾಮಾನ್ಯ ಪುಸ್ತಕದಂಗಡಿಗಳಿಗೆ ಬಂದಾಗ ನೆಲದ ಮೇಲೆ ಕೂತು ಓದಿದರು. 2005ರಲ್ಲಿ ಸ್ಕೊಲಾಸ್ಟಿಕ್ ಪ್ರಕಾಶನ ಮಕ್ಕಳ ಗ್ರಾಫಿಕ್ ಕಾದಂಬರಿಗಳಿಗೆಂದೇ, ಅಂದರೆ ಇಡೀ ಪುಸ್ತಕದುದ್ದದ ಚಿತ್ರಕತೆಗಳಿಗೆಂದೇ, ವಿಭಾಗ ತೆರೆಯಿತು. 2010ರಲ್ಲಿ ರೈನಾ ಟೆಲ್ಗೆಮೈಯರ್ ತಾವು ಚಿಕ್ಕವರಿದ್ದಾಗ ಬಿದ್ದು ಮುಂದಿನ ಹಲ್ಲು ಕಳೆದುಕೊಂಡ ಕತೆಯನ್ನು ‘ಸ್ಮೈಲ್’ ಎಂದು ಬಿಡಿಸಿದರು. ಶಾಲೆಯ ಪುಸ್ತಕ ಮೇಳ, ಲೈಬ್ರರಿ, ಪುಸ್ತಕದಂಗಡಿ ಎಲ್ಲ ಕಡೆ ಖರ್ಚಾಯಿತು. 2020ರಲ್ಲಿ ಕಪ್ಪು ಲೇಖಕ ಜೆರ್ರಿ ಕ್ರಾಫ್ಟ್ ಅವರ ‘ನ್ಯೂ ಕಿಡ್’ ಮಕ್ಕಳ ಸಾಹಿತ್ಯದ ದೊಡ್ಡ ಗೌರವವಾದ ನ್ಯೂಬೆರಿ ಪದಕ ಪಡೆದ ಮೊದಲ ಗ್ರಾಫಿಕ್ ಕಾದಂಬರಿಯಾಯಿತು. ಇದ್ಯಾವುದೂ ಹಳೆಯ ಕಾಮಿಕ್ಸ್ ಅಂಗಡಿಯ ಕೃಪೆಯಿಂದ ನಡೆದದ್ದಲ್ಲ.

ಸೂಪರ್‌ಹೀರೋ ಕಂಪನಿಗಳೂ ಕಲಿಯಲಿಲ್ಲ ಅನ್ನುವಂತಿಲ್ಲ. 2014ರಲ್ಲಿ ಮಾರ್ವೆಲ್‌ನ ‘ಮಿಸ್ ಮಾರ್ವೆಲ್’ ಆಗಿ ಬಂದವಳು ಜೆರ್ಸಿ ಸಿಟಿಯ 16 ವರ್ಷದ ಕಮಲಾ ಖಾನ್, ಪಾಕಿಸ್ತಾನಿ ಮೂಲದ ಮನೆಯ ಹುಡುಗಿ. ಸಂಪಾದಕಿ ಸನಾ ಅಮಾನತ್ ಅಂಥದ್ದೇ ಮನೆಯಲ್ಲಿ ನ್ಯೂಜೆರ್ಸಿಯಲ್ಲಿ ಬೆಳೆದವರು, ಬರೆದ ಜಿ. ವಿಲೋ ವಿಲ್ಸನ್ ಇಸ್ಲಾಮಿಗೆ ಬಂದವರು. ಮೇಜಿನ ಹಿಂದಿನ ಅನುಭವ ಪುಟದಲ್ಲಿ ಎಷ್ಟು ಸಣ್ಣ ಸಣ್ಣ ವಿಷಯಗಳಲ್ಲಿ ಇಳಿದಿದೆ ನೋಡಿ. ಶಕ್ತಿ ಬಂದ ಮೊದಲ ಕ್ಷಣ ಕಮಲಾ ತನಗೇ ಗೊತ್ತಿಲ್ಲದೆ ಹೊಂಬಣ್ಣದ ಕೂದಲಿನ ಬಿಳಿ ಹೀರೋಯಿನ್ ಆಗಿಬಿಡುತ್ತಾಳೆ, ಯಾಕೆಂದರೆ ಶಕ್ತಿಯಿರುವ ಹೆಣ್ಣೆಂದರೆ ಹಾಗಿರಬೇಕು ಅಂತಲೇ ಅವಳ ತಲೆಯಲ್ಲಿತ್ತು. ಆ ವೇಷ ಹಿಂಸೆಯಾಗುತ್ತದೆ. ಆಮೇಲೆ ಮನೆಯಲ್ಲಿದ್ದ ಬುರ್ಕಿನಿಯನ್ನೇ, ಅಂದರೆ ಮೈಮುಚ್ಚುವ ಈಜುಡುಗೆಯನ್ನೇ, ತಿದ್ದಿ ತನ್ನ ಹೀರೋ ಉಡುಪು ಮಾಡಿಕೊಳ್ಳುತ್ತಾಳೆ. ಮೊದಲ ಸಂಪುಟಕ್ಕೆ 2015ರಲ್ಲಿ ವೈಜ್ಞಾನಿಕ, ಅದ್ಭುತ ಕತೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿ ಬಂತು.

ಹಾಗಿದ್ದೂ 2017ರಲ್ಲಿ ಮಾರ್ವೆಲ್‌ನ ಮಾರಾಟ ವಿಭಾಗದ ಡೇವಿಡ್ ಗೇಬ್ರಿಯಲ್, ಜನರಿಗೆ ಇನ್ನು ವೈವಿಧ್ಯ ಬೇಡವಂತೆ, ಹೆಣ್ಣು ಪಾತ್ರಗಳು ಬೇಡವಂತೆ ಎಂದು ಅಂಗಡಿಯವರು ಹೇಳುತ್ತಿದ್ದಾರೆ ಎಂದುಬಿಟ್ಟರು. ಆಮೇಲೆ ಆ ಮಾತಿಗೆ ವಿವರಣೆ ಕೊಟ್ಟರು. ಆದರೆ ‘ಜನ’ ಅಂದರೆ ಯಾರು? ಮುಂಗಡ ಬರೆಯುವ ಆ ಅಂಗಡಿಯವರು. ನಾಲ್ಕನೇ ಗಿರಾಕಿ ಇಲ್ಲೂ ಲೆಕ್ಕದಲ್ಲಿಲ್ಲ. ಹಿಂದಿನ ವರ್ಷವಷ್ಟೇ ‘ವರ್ಲ್ಡ್ ಆಫ್ ವಕಾಂಡಾ’ ಬರೆಯಲು ರಾಕ್ಸೇನ್ ಗೇ, ಯೋನಾ ಹಾರ್ವೆ ಬಂದಿದ್ದರು. ಮಾರ್ವೆಲ್‌ಗೆ ಕಪ್ಪು ಮಹಿಳೆಯರು ಮುಖ್ಯ ಲೇಖಕಿಯರಾಗಿ ಬಂದದ್ದು ಅದೇ ಮೊದಲು, ಬ್ಲ್ಯಾಕ್ ಪ್ಯಾಂಥರ್ ಹುಟ್ಟಿ 50 ವರ್ಷವಾದ ಮೇಲೆ. ಮಾರಾಟ ಸಾಲದೆಂದು ಆರು ಸಂಚಿಕೆಗೆ ನಿಲ್ಲಿಸಿದರು. 2018ರಲ್ಲಿ ಅದಕ್ಕೆ ಕಾಮಿಕ್ಸ್ ಲೋಕದ ದೊಡ್ಡ ಗೌರವವಾದ ಐಸ್ನರ್ ಪ್ರಶಸ್ತಿ ಬಂತು, ಅದೇ ವರ್ಷ ಬ್ಲ್ಯಾಕ್ ಪ್ಯಾಂಥರ್ ಸಿನಿಮಾ 130 ಕೋಟಿ ಡಾಲರ್ ದಾಟಿತು.

2017ರ ಇನ್ನೊಂದು ಸುದ್ದಿ ಹೇಳದೆ ಇರಲಾರೆ. 2004-05ರ ಸುಮಾರಿಗೆ ಮಾರ್ವೆಲ್‌ಗೆ ‘ಅಕಿರಾ ಯೊಶಿಡಾ’ ಎಂಬ ಜಪಾನಿ ಲೇಖಕರು ನಿಂಜಾ, ಸಮುರಾಯ್ ಸೊಗಡಿನ ಕತೆಗಳನ್ನು ಬರೆದಿದ್ದರು. ಆಗ ಮಾರ್ವೆಲ್‌ನಲ್ಲೇ ಸಂಪಾದಕರಾಗಿದ್ದ ಬಿಳಿಯ ಅಮೆರಿಕನ್ ಸಿ.ಬಿ. ಸೆಬುಲ್ಸ್ಕಿ, ಆ ಯೊಶಿಡಾ ತಾನೇ ಎಂದು 2017ರಲ್ಲಿ ಒಪ್ಪಿಕೊಂಡರು. ಸಂಪಾದಕರು ಕತೆ ಬರೆಯಕೂಡದು ಎಂಬ ಕಂಪನಿ ನಿಯಮ ದಾಟಲು ಹೂಡಿದ ಉಪಾಯ ಅದು. ಒಪ್ಪಿಕೊಂಡ ಹೊತ್ತಿಗೆ ಅವರು ಮಾರ್ವೆಲ್‌ನ ಪ್ರಧಾನ ಸಂಪಾದಕರಾಗಿ ಆಯ್ಕೆಯಾಗಿದ್ದರು. ಹಮೆಲ್ ಗಂಡು ಹೆಸರಿನ ಹಿಂದೆ ಅಡಗಬೇಕಾಯಿತು. ಇವರು ಜಪಾನಿ ಹೆಸರನ್ನು ಬೇಕಾದಾಗ ತೊಟ್ಟು ಬೇಡವಾದಾಗ ಕಳಚಿಟ್ಟರು.

ಓರಿನ್ ಎವನ್ಸ್ ಅವರ ಆ ಒಂದೇ ಸಂಚಿಕೆ, ಹದಿನೈದು ಸೆಂಟಿನದ್ದು, ಈಗ ಸಂಗ್ರಹಕಾರರ ಕೈಯಲ್ಲಿ ಬಂಗಾರ. 75 ವರ್ಷವಾದ ನೆನಪಿಗೆ ಅದನ್ನು ಹೊಸದಾಗಿ ಅಚ್ಚು ಹಾಕಿದ್ದಾರೆ. ಹಳೆಯ ಪುಟಗಳು ಮುಗಿದ ಮೇಲೆ ಏಸ್ ಹಾರ್ಲೆಮ್, ಲಯನ್ ಮ್ಯಾನ್ ಮೊದಲಾದವರ ಹೊಸ ಕತೆಗಳಿವೆ, ಇಂದಿನ ಕಪ್ಪು ಲೇಖಕರು, ಚಿತ್ರಕಾರರು ಮಾಡಿದ್ದು. ಈ ಸಲ ಕಾಗದ ಸಿಕ್ಕಿತು.